ತುಕ್ಕು ಕೆರೆದ ಮೇಲೆ ಉಳಿಯುವ ಕಾರು ಯಾವುದು?

1990ರಲ್ಲಿ ಲಂಡನ್ನಿನ ಹೈಕೋರ್ಟಿನ ಮುಂದೆ ಒಂದು ವಿಚಿತ್ರ ವ್ಯಾಜ್ಯ ಬಂತು. ಎಡ್ವರ್ಡ್ ಹಬ್ಬರ್ಡ್ ಎಂಬವರ ಬಳಿ ಒಂದು ಬೆಂಟ್ಲಿ ಕಾರಿತ್ತು. ಹೆಸರು 'ಓಲ್ಡ್ ನಂಬರ್ ವನ್'. ಫ್ರಾನ್ಸಿನ ಲ ಮಾನ್ಸ್‌ನಲ್ಲಿ ನಡೆಯುವ 24 ಗಂಟೆಗಳ ರೇಸನ್ನು 1929 ಮತ್ತು 1930ರಲ್ಲಿ, ಸತತ ಎರಡು ಸಲ ಗೆದ್ದ ಕಾರು ಅದು. ಮಿಡಲ್‌ಬ್ರಿಜ್ ಸಿಮಿಟಾರ್ ಎಂಬ ಕಂಪನಿ ಒಂದು ಕೋಟಿ ಪೌಂಡ್ ಕೊಟ್ಟು ಅದನ್ನು ಕೊಳ್ಳಲು ಒಪ್ಪಿತು. ಆಮೇಲೆ ಹಿಂದೆ ಸರಿಯಿತು. 'ಇದು ಆ ಕಾರೇ ಅಲ್ಲ, ಹಳೆಯ ಭಾಗ ಇದರಲ್ಲಿ ಉಳಿದಿರುವುದೆಷ್ಟು?' ಎಂಬುದು ಅವರ ತಕರಾರು.

ತಕರಾರಿನಲ್ಲಿ ಹುರುಳಿರಲಿಲ್ಲವೆಂದಲ್ಲ. ರೇಸ್ ಕಾರುಗಳಲ್ಲಿ ಭಾಗಗಳನ್ನು ಬದಲಿಸುತ್ತಲೇ ಇರುತ್ತಾರೆ. 1932ರಲ್ಲಿ ಈ ಕಾರಿಗೆ ದೊಡ್ಡದಾದ 8 ಲೀಟರ್ ಎಂಜಿನ್ ಕೂರಿಸಿದ್ದರು. ಅದೇ ವರ್ಷ ಬ್ರೂಕ್‌ಲ್ಯಾಂಡ್ಸ್‌ನ ಓಡುದಾರಿಯಲ್ಲಿ ಅದು ಅಂಚು ದಾಟಿ ಹಾರಿ, ಚಾಲಕ ಕ್ಲೈವ್ ಡನ್ಫೀ ಸತ್ತರು. ನಂತರ ಕಾರಿಗೆ ಬೇರೆಯೇ ಮೈ ಕಟ್ಟಲಾಯಿತು. ನ್ಯಾಯಾಧೀಶ ಆಟನ್ ಒಂದೊಂದು ಭಾಗದ ಇತಿಹಾಸವನ್ನೂ ಕೆದಕಿದರು. 1929ರದ್ದೆಂದು ಖಚಿತವಾಗಿ ಹೇಳಬಹುದಾದದ್ದು ಹೆಚ್ಚುಕಡಿಮೆ ಏನೂ ಇರಲಿಲ್ಲ. 1930ರ ಕಾರಿನಿಂದ ಉಳಿದದ್ದು ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಹೊರಕವಚ, ಸ್ಟೀರಿಂಗ್ ಕಾಲಂ, ಇಷ್ಟೇ! ಚಾಸಿ ಮತ್ತು ಎಂಜಿನ್ 1932ರ ರೂಪದವು.

ಆದರೂ ತೀರ್ಪು ಹಬ್ಬರ್ಡ್ ಪರವಾಗಿ ಬಂತು. ಈ ಕಾರು ಎಂದೂ ಸತ್ತು ಮತ್ತೆ ಹುಟ್ಟಿದ್ದಲ್ಲ, ಯಾರೋ ಬಿಡಿಭಾಗಗಳನ್ನು ಕೂಡಿಹಾಕಿ ಮಾಡಿದ ನಕಲೂ ಅಲ್ಲ, ಬದಲಾಗುತ್ತ ಬದಲಾಗುತ್ತ ಅದೇ ಕಾರಾಗಿ ಮುಂದುವರಿದು ಬಂದಿದೆ, ಆದ್ದರಿಂದ ಆ ಹೆಸರಿಗೆ ಅದೇ ಹಕ್ಕುದಾರ ಎಂಬುದು ತೀರ್ಪಿನ ತಿರುಳು. ಥೀಸಿಯಸ್‌ನ ಹಡಗಿನ ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಿಸಿದರೆ ಅದು ಅದೇ ಹಡಗೇ ಎಂದು ಗ್ರೀಕರು ಚರ್ಚಿಸುತ್ತಿದ್ದರಂತೆ. ಆ ಹಳೇ ಒಗಟಿಗೆ ಒಂದು ಕೋರ್ಟು ಉತ್ತರ ಕೊಟ್ಟದ್ದು ಹೀಗೆ.

ತುಕ್ಕು ಹಿಡಿದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಮತ್ತೆ ರಸ್ತೆಗಿಳಿಸಲು ಹೊರಟ ಪ್ರತಿಯೊಬ್ಬನಿಗೂ ಸಣ್ಣ ಪ್ರಮಾಣದಲ್ಲಿ ಇದೇ ಪ್ರಶ್ನೆ ಎದುರಾಗುತ್ತದೆ. ಅದಕ್ಕೆ ಕಾರಣ ತುಕ್ಕಿನ ಸ್ವಭಾವ.

ಕಬ್ಬಿಣಕ್ಕೆ ನೀರು, ಗಾಳಿ ಎರಡೂ ಸಿಕ್ಕಿದರೆ ತುಕ್ಕು. ಉಪ್ಪು ಸೇರಿದರೆ ಕೇಳುವುದೇ ಬೇಡ. ಅಲ್ಯೂಮಿನಿಯಮ್ಮಿನ ಮೇಲೆ ಕಟ್ಟುವ ತೆಳು ಪದರ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ, ಹಪ್ಪಳದಂತೆ ಎದ್ದು ಉದುರಿ, ಒಳಗಿನ ಹೊಸ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ತಾನು ತಿಂದ ಲೋಹಕ್ಕಿಂತ ಹೆಚ್ಚು ಜಾಗವನ್ನೂ ಬೇಡುತ್ತದೆ, ಆದ್ದರಿಂದ ಬಣ್ಣ ಗುಳ್ಳೆಯಂತೆ ಉಬ್ಬುತ್ತದೆ. ಹೊರಗೆ ನಾಲ್ಕಾಣೆ ಅಗಲದ ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ತೂತು ಇರುವುದುಂಟು. ಮಳೆಗಾಲದ ಮುಂಬಯಿಯಲ್ಲಿ ಹಳೆಯ ಟ್ಯಾಕ್ಸಿ ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಲಡಿಯ ರಬ್ಬರ್ ಮ್ಯಾಟ್ ಸರಿಸಿದರೆ ಕೆಳಗೆ ರಸ್ತೆಯೇ ಕಾಣುತ್ತಿತ್ತು! ಬ್ರಿಟನ್ನಿನಂಥ ದೇಶಗಳಲ್ಲಿ ಸಮುದ್ರ ದೂರವಿದ್ದರೂ ಉಪ್ಪು ತಪ್ಪಿದ್ದಲ್ಲ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೇ ಉಪ್ಪು ಚೆಲ್ಲುತ್ತಾರೆ.

ಇನ್ನು ಎಂ.ಜಿ.ಬಿ. ಕಾರಿನ ಕಥೆಗೆ ಬರೋಣ. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂ.ಜಿ.ಬಿ.ಗಳು ತಯಾರಾದವು. ಶ್ರೀಮಂತರಿಗಷ್ಟೇ ಮೀಸಲಾದ ಕಾರಲ್ಲ, ಸಂಬಳದ ಜನ ಆಸೆಪಟ್ಟು ಕೊಳ್ಳುತ್ತಿದ್ದ ಸ್ಪೋರ್ಟ್ಸ್ ಕಾರು. ಅಂದ ಹಾಗೆ, ಇದಕ್ಕೂ ನಮಗೂ ಒಂದು ನಂಟಿದೆ. ನಮ್ಮ ಅಂಬಾಸಿಡರ್ ಬಹುಕಾಲ ಓಡಿದ್ದು ಬಿ.ಎಂ.ಸಿ. ಕಂಪನಿಯ 'ಬಿ ಸೀರೀಸ್' ಎಂಜಿನ್ನಿನ ಮೇಲೆ, 1489 ಸಿಸಿಯದ್ದು. ಎಂ.ಜಿ.ಬಿ.ಯ 1798 ಸಿಸಿ ಎಂಜಿನ್ ಅದೇ ಮನೆತನದ್ದು. ಮಂತ್ರಿಗಳ ಬಿಳಿ ಕಾರೂ, ಇಂಗ್ಲೆಂಡಿನ ಹುಡುಗರ ಕೆಂಪು ಕಾರೂ ದಾಯಾದಿಗಳು ಎಂದಾಯಿತು.

ಇದಕ್ಕಿಂತ ಮುಂಚಿನ ಎಂ.ಜಿ.ಎ. ಕಾರಿಗೆ ಬೇರೆಯೇ ಚಾಸಿ ಇತ್ತು. ಮೈ ತುಕ್ಕು ಹಿಡಿದರೂ ಅಸ್ಥಿಪಂಜರ ಗಟ್ಟಿಯಾಗಿರುತ್ತಿತ್ತು. ಎಂ.ಜಿ.ಬಿ.ಯಲ್ಲಿ ಮೈಯೇ ಚಾಸಿ. ತಗಡನ್ನು ಮಡಚಿ, ಬೆಸೆದು, ಪೆಟ್ಟಿಗೆಯಂತೆ ಕಟ್ಟಿದ್ದು. ಮೇಲೆ ಛಾವಣಿ ಇಲ್ಲದ್ದರಿಂದ ಕಾರಿನ ಬೆನ್ನೆಲುಬಿನ ಕೆಲಸದಲ್ಲಿ ದೊಡ್ಡ ಪಾಲು ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ಪಟ್ಟಿಗಳದು. ಇಂಗ್ಲಿಷಿನಲ್ಲಿ ಅದಕ್ಕೆ 'ಸಿಲ್' ಎನ್ನುತ್ತಾರೆ, ಅಂದರೆ ಹೊಸ್ತಿಲು. ನೀರು, ಕೆಸರು, ಉಪ್ಪು ಸೇರಿಕೊಳ್ಳುವುದೂ ಸರಿಯಾಗಿ ಅಲ್ಲಿಯೇ.

ಹೊಸ್ತಿಲು ಕೊಳೆತರೆ ಮನೆಯೇ ಕುಸಿಯುತ್ತದೆ. ಆಧಾರ ಕೊಡದೆ ಅದನ್ನು ಕತ್ತರಿಸಿದರೆ ಕಾರು ನಡುವಿನಲ್ಲಿ ಬಾಗುತ್ತದೆ, ಆಮೇಲೆ ಬಾಗಿಲು ಹಾಕಲು ಬರುವುದಿಲ್ಲ. ಆದ್ದರಿಂದ ತಿಳಿದವರು ಮೊದಲು ಬಾಗಿಲ ಸಂದಿಗಳನ್ನು ಅಳೆದಿಟ್ಟು, ಒಳಗೆ ಕಬ್ಬಿಣದ ಅಡ್ಡಪಟ್ಟಿಗಳನ್ನು ಬೆಸೆದು, ಒಂದು ಬದಿಯ ಕೆಲಸ ಪೂರ್ತಿ ಮುಗಿದ ಮೇಲಷ್ಟೇ ಇನ್ನೊಂದು ಬದಿಗೆ ಕೈ ಹಾಕುತ್ತಾರೆ. ತಿಳಿಯದವರು, ಅಥವಾ ತಿಳಿದೂ ಮೋಸ ಮಾಡುವವರು, ಕೊಳೆತದ್ದರ ಮೇಲೆಯೇ ಹೊಸ ತಗಡು ಬೆಸೆದು, ಸಂದಿಗೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಮಾರುತ್ತಾರೆ. ನೋಡಲು ಹೊಚ್ಚ ಹೊಸದು. ಒಳಗೆ ತುಕ್ಕು ತನ್ನ ಪಾಡಿಗೆ ತಿನ್ನುತ್ತಲೇ ಇರುತ್ತದೆ.

1980ರಲ್ಲಿ ಆಬಿಂಗ್ಡನ್ ಕಾರ್ಖಾನೆ ಮುಚ್ಚಿತು. ಸಾಮಾನ್ಯವಾಗಿ ಕಥೆ ಅಲ್ಲಿಗೆ ಮುಗಿಯಬೇಕು. ಆದರೆ ಮೈಯ ಭಾಗಗಳನ್ನು ಒತ್ತುವ ಹಳೆಯ ಅಚ್ಚುಗಳು ಪೂರ್ತಿ ಗುಜರಿಗೆ ಹೋಗಿರಲಿಲ್ಲ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಅವನ್ನು ಹುಡುಕಿ, ಕೂಡಿಸಿ, 1988ರಲ್ಲಿ ಎಂ.ಜಿ.ಬಿ.ಯ ಪೂರ್ತಿ ಮೈಯನ್ನೇ ಹೊಸದಾಗಿ ತಯಾರಿಸಿ ಮಾರಲು ಶುರುಮಾಡಿತು. ನಿಮ್ಮ ಕಾರು ತುಕ್ಕಿನಿಂದ ಜರಡಿಯಾಗಿದ್ದರೆ ಚಿಂತೆಯಿಲ್ಲ. ಅದರ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸೀಟು, ಮೀಟರುಗಳನ್ನು ಬಿಚ್ಚಿ ಹೊಸ ಮೈಗೆ ಕೂರಿಸಿದರಾಯಿತು. ಇದಕ್ಕೆ ಎಷ್ಟು ಬೇಡಿಕೆ ಬಂತೆಂದರೆ ಅದೇ ಮೈಯನ್ನು ತುಸು ತಿದ್ದಿ, ವಿ8 ಎಂಜಿನ್ ಹಾಕಿ, ರೋವರ್ ಕಂಪನಿ 1993ರಿಂದ 1995ರವರೆಗೆ ಎಂ.ಜಿ. ಆರ್.ವಿ.8 ಎಂಬ ಹೊಸ ಕಾರನ್ನೇ ಮಾಡಿತು. ಸುಮಾರು 2,000 ಕಾರುಗಳು ತಯಾರಾಗಿ, ಹೆಚ್ಚಿನವು ಜಪಾನಿಗೆ ಹೋದವು. ತುಕ್ಕು ತಿಂದ ಹಳೆಯ ಕಾರುಗಳು ಸೇರಿ ಒಂದು ಹೊಸ ಕಾರನ್ನು ಹುಟ್ಟಿಸಿದ್ದು ಚರಿತ್ರೆಯಲ್ಲಿ ಅಪರೂಪ ನೋಡಿ.

ಆದರೆ ಮತ್ತದೇ ಪ್ರಶ್ನೆ. ಬೆಂಟ್ಲಿ ಅರವತ್ತು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಾಗಿತ್ತು. ಇಲ್ಲಿ ಒಂದೇ ಸಲಕ್ಕೆ ಮೈ ಪೂರ್ತಿ ಹೊಸದು. ಎಂಜಿನ್ ಹಳೆಯದು, ಒಡೆಯ ಹಳಬ. ಕಾರು?

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆ ಇದೆ. ಸ್ವಿಜರ್ಲೆಂಡಿನ ಅಸ್ಕೋನಾ ಊರಿನ ಬಳಿ ಮಾಜೋರೆ ಸರೋವರದ ತಳದಲ್ಲಿ, 53 ಮೀಟರ್ ಆಳದಲ್ಲಿ, 1925ರ ಒಂದು ಬುಗಾಟಿ ಬ್ರೆಸಿಯಾ ಬಿದ್ದಿತ್ತು. ಆಮದು ಸುಂಕ ಕಟ್ಟದ ಕಾರನ್ನು ಸುಂಕದ ಅಧಿಕಾರಿಗಳು 1930ರ ದಶಕದಲ್ಲಿ ಸರಪಳಿ ಕಟ್ಟಿ ನೀರಿಗೆ ಇಳಿಸಿದ್ದರಂತೆ. ಸರಪಳಿಯೂ ತುಕ್ಕು ಹಿಡಿದು ತುಂಡಾಗಿ ಕಾರು ತಳ ಸೇರಿತು. 1967ರಲ್ಲಿ ಮುಳುಗುಗಾರರೊಬ್ಬರ ಕಣ್ಣಿಗೆ ಬಿತ್ತು. ಹಲವು ದಶಕ ಅದು ಮುಳುಗುಗಾರರ ಯಾತ್ರಾಸ್ಥಳವಾಗಿತ್ತು. 2008ರಲ್ಲಿ ಆ ಸೀಮೆಯ 22 ವರ್ಷದ ಯುವಕನೊಬ್ಬ ಹೊಡೆತಕ್ಕೆ ಸಿಕ್ಕಿ ಪ್ರಾಣ ಬಿಟ್ಟ. ಯುವಜನರ ಹಿಂಸೆಯ ವಿರುದ್ಧ ಅವನ ಹೆಸರಿನಲ್ಲಿ ಸ್ಥಾಪಿಸಿದ ಪ್ರತಿಷ್ಠಾನಕ್ಕೆ ಹಣ ಕೂಡಿಸಲು ಮುಳುಗುಗಾರರ ಕ್ಲಬ್ಬು 2009ರ ಜುಲೈನಲ್ಲಿ ಕಾರನ್ನು ಮೇಲೆತ್ತಿತು. 2010ರ ಜನವರಿಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಅದು 2,60,500 ಯೂರೋಗಳಿಗೆ ಹೋಯಿತು.

ಕೊಂಡವರು ಅಮೆರಿಕದ ಪೀಟರ್ ಮುಲಿನ್. ಬುಗಾಟಿಗಳನ್ನು ಥಳಥಳ ಹೊಳೆಯುವಂತೆ ಜೀರ್ಣೋದ್ಧಾರ ಮಾಡಿಸುವುದರಲ್ಲಿ ಅವರದು ದೊಡ್ಡ ಹೆಸರು. ದುಡ್ಡಿಗೆ ಕೊರತೆಯಿರಲಿಲ್ಲ, ಕೆಲಸಗಾರರಿಗೂ ಇರಲಿಲ್ಲ. ಆದರೂ ಈ ಕಾರಿಗೆ ಒಂದು ಸ್ಕ್ರೂ ಕೂಡ ಹೊಸದಾಗಿ ಹಾಕಿಸದೆ, ಅರ್ಧ ಕರಗಿದ ತಗಡನ್ನು ಹಾಗೇ ತಮ್ಮ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕಿಟ್ಟರು. (ಆ ಮ್ಯೂಸಿಯಂ 2024ರಲ್ಲಿ ಮುಚ್ಚಿತು.) ಈ ಕಾರಿನ ಮಟ್ಟಿಗೆ ತುಕ್ಕೇ ಅದರ ಚರಿತ್ರೆ. ಕೆರೆದರೆ ಉಳಿಯುವುದು ಬುಗಾಟಿಯ ಇನ್ನೊಂದು ನಕಲು ಅಷ್ಟೆ.

ಹಳೆಯ ಕಟ್ಟಡಗಳ ಸಂರಕ್ಷಣೆಗೆ 1964ರಲ್ಲಿ ವೆನಿಸ್ ಸನ್ನದು ಬಂದಿತ್ತು. ಅದೇ ಜಾಡಿನಲ್ಲಿ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಟುರಿನ್ ಸನ್ನದನ್ನು ಒಪ್ಪಿಕೊಂಡಿತು. ಅದರ ಮಾತು ಸರಳ: ಉಳಿಸಬಹುದಾದದ್ದನ್ನು ಉಳಿಸಿ. ಬದಲಿಸಲೇಬೇಕಾದರೆ ಬದಲಿಸಿ, ಆದರೆ ಹೊಸದು ಯಾವುದು ಎಂದು ಗೊತ್ತಾಗುವಂತೆ ಗುರುತು ಹಾಕಿ, ಏನು ಮಾಡಿದಿರೋ ಬರೆದಿಡಿ.

ನಮ್ಮ ದೇಶದಲ್ಲಿ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ಮಾಡಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಮೈ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ 'ವಿ.ಎ.' ಅಕ್ಷರಗಳು. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಿಯಮವೇನೋ ಒಳ್ಳೆಯದೇ. ಆದರೆ ಹೊಸ ಮೈ ತೊಟ್ಟ ಎಂ.ಜಿ.ಬಿ. ಇಲ್ಲಿಗೆ ಬಂದರೆ ಅಧಿಕಾರಿ ಅದನ್ನು ಮೂಲ ರೂಪ ಎನ್ನಬೇಕೋ, ಮಾರ್ಪಾಡು ಎನ್ನಬೇಕೋ? ಲಂಡನ್ನಿನ ನ್ಯಾಯಾಧೀಶರ ತಲೆನೋವು ಆರ್.ಟಿ.ಓ. ಮೇಜಿಗೆ ಬಂದಂತೆ!

ಈ ಚರ್ಚೆಯಲ್ಲಿ ನಾವು ಮರೆಯುವ ಇನ್ನೊಂದು ಸಂಗತಿ ಇದೆ, ಕೈಕೆಲಸ. ಊರಿನಲ್ಲಿ ಟಿಂಕರಿಂಗ್ ಎನ್ನುವುದನ್ನು ಮುಂಬಯಿಯಲ್ಲಿ ಡೆಂಟಿಂಗ್-ಪೇಂಟಿಂಗ್ ಎನ್ನುತ್ತಾರೆ. ವಿದೇಶಿ ಬಿಡಿಭಾಗಗಳು ಸಿಗದಿದ್ದ ಪರ್ಮಿಟ್ ಕಾಲದಲ್ಲಿ ಈ ಜನ ಸುತ್ತಿಗೆ, ಮರದ ಕೊಡತಿ, ಮರಳಿನ ಚೀಲ ಇಟ್ಟುಕೊಂಡು ಚಪ್ಪಟೆ ತಗಡಿನಿಂದ ಮಡ್‌ಗಾರ್ಡ್ ಎಬ್ಬಿಸುತ್ತಿದ್ದರು. ಬ್ರಿಟನ್ನಿನವರಿಗೆ ಅಚ್ಚು ಉಳಿದಿತ್ತು, ನಮ್ಮವರಿಗೆ ಕಣ್ಣಳತೆಯೇ ಅಚ್ಚು. ಇವತ್ತಿನ ಗ್ಯಾರೇಜಿನಲ್ಲಿ ಹಳೆಯ ಬಾನೆಟ್ ತೆಗೆದು ಹೊಸ ಬಾನೆಟ್ ಹಾಕುತ್ತಾರೆ, ವಿಮೆ ಕಂಪನಿ ದುಡ್ಡು ಕೊಡುತ್ತದೆ. ಹುಡುಗರು ಕೊಡತಿ ಹಿಡಿಯುವುದನ್ನು ಯಾಕೆ ಕಲಿತಾರು? ಹಳೆಯ ಕಾರೊಂದರ ಜೀರ್ಣೋದ್ಧಾರ ನಡೆಯುವ ಶೆಡ್ಡಿನಲ್ಲಿ ಆ ವಿದ್ಯೆ ಇನ್ನೂ ಉಸಿರಾಡುತ್ತದೆ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತು. ಫೋಟೋ ತೆಗೆದವರು ಬಹಳ ಮಂದಿ. ಅದರ ತಳಕ್ಕೆ ತಗಡು ಬೆಸೆಯುತ್ತಿದ್ದವನ ಕೈಯನ್ನು ಚಿತ್ರೀಕರಿಸಿಟ್ಟವರು ಎಷ್ಟು ಮಂದಿ?

ಜೀರ್ಣೋದ್ಧಾರ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಕಾರಿಗಿಂತ ಮೊದಲು ನಮಗೆ ಅದು ದೇವಸ್ಥಾನದ ಪದ. ಊರಿನಲ್ಲಿ ಸಮಿತಿಯಾದರೆ ಬೆನ್ನಿಗೇ ಇಲ್ಲೊಂದು ಮುಂಬಯಿ ಸಮಿತಿ ಆಗುತ್ತದೆ, ರಸೀದಿ ಪುಸ್ತಕ ಬರುತ್ತದೆ, ನಾವು ಕೈಲಾದದ್ದು ಕೊಡುತ್ತೇವೆ. ಕೆಲವು ವರ್ಷದ ಮೇಲೆ ಊರಿಗೆ ಹೋದರೆ ಅಜ್ಜನ ಕಾಲದ ಮರದ ಕೆತ್ತನೆ ಇದ್ದಲ್ಲಿ ಕಾಂಕ್ರೀಟು, ಕಲ್ಲಿನ ನೆಲದ ಮೇಲೆ ನುಣುಪಾದ ಟೈಲ್ಸು. ಕಿತ್ತ ಮರ ಎಲ್ಲಿ ಹೋಯಿತೆಂದರೆ ಯಾರಿಗೂ ಗೊತ್ತಿಲ್ಲ. ಎಲ್ಲ ಕಡೆ ಹೀಗೆ ಎನ್ನುತ್ತಿಲ್ಲ, ಚೆನ್ನಾಗಿ ಮಾಡಿದವರೂ ಇದ್ದಾರೆ. ಆದರೆ ಒಂದು ಎಂ.ಜಿ.ಬಿ.ಯನ್ನು ಬಿಚ್ಚುವವನು ಪ್ರತಿ ಭಾಗಕ್ಕೂ ಚೀಟಿ ಕಟ್ಟಿ, ಫೋಟೋ ತೆಗೆದು, ಯಾವುದು ಹಳತು ಯಾವುದು ಹೊಸತು ಎಂದು ಬರೆದಿಡುತ್ತಾನೆ. ಅಷ್ಟು ಶಿಸ್ತು ಐನೂರು ವರ್ಷದ ಗುಡಿಗೆ ಬೇಡವೇ?

ಬೆಂಟ್ಲಿಯ ತೀರ್ಪು ನನಗೆ ಇಷ್ಟವಾಗುವುದೂ ಇದಕ್ಕೇ. ಬದಲಾಗುವುದು ತಪ್ಪಲ್ಲ ಎಂದಿತು ಅದು, ಎಳೆ ತುಂಡಾಗದಿದ್ದರೆ ಸರಿ. ಆದರೆ ಎಳೆ ತುಂಡಾಗಿಲ್ಲವೆಂದು ನ್ಯಾಯಾಧೀಶರಿಗೆ ತಿಳಿದದ್ದು ಹೇಗೆ? ಯಾವ ವರ್ಷ ಯಾವ ಭಾಗ ಬದಲಾಯಿತೆಂದು ಯಾರೋ ಬರೆದಿಟ್ಟಿದ್ದರು, ನೆನಪಿಟ್ಟವರು ಬಂದು ಸಾಕ್ಷಿ ಹೇಳಿದರು. ಮುಂದಿನ ಸಲ ರಸೀದಿ ಪುಸ್ತಕ ಬಂದಾಗ, ದುಡ್ಡಿನ ಜೊತೆಗೆ ಈ ಒಂದು ಮಾತನ್ನೂ ಕೇಳಿ ನೋಡಿ: ಏನನ್ನು ತೆಗೆಯುತ್ತೀರಿ, ತೆಗೆದದ್ದನ್ನು ಎಲ್ಲಿ ಇಡುತ್ತೀರಿ?