ಮನೆಮದ್ಯವೂ ನೆರೆಯ ನಾಲಗೆಯೂ: ಸೊರಬ ಸೀಮೆಯನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

ಮದ್ಯಪಾನದ ಇತಿಹಾಸವನ್ನು ಬರೆಯಹೊರಟವರ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳು ತೆರೆದಿರುತ್ತವೆ. ಒಂದು ಬೊಕ್ಕಸದ ದಾರಿ. ಅರಸರು ಕಳ್ಳಿನ ಮೇಲೆ ಯಾವ ತೆರಿಗೆಯನ್ನು ಹಾಕಿದರು, ಅದರಿಂದ ಎಷ್ಟು ಹುಟ್ಟುವಳಿಯಾಯಿತು ಎಂಬುದು ಅಲ್ಲಿನ ವಿಚಾರ. ಇನ್ನೊಂದು ನೀತಿಯ ದಾರಿ. ಕುಡಿತದಿಂದ ಕೆಟ್ಟ ಮನೆಗಳು, ಅದನ್ನು ತಡೆಯಲು ನಡೆದ ಪ್ರಯತ್ನಗಳು ಅಲ್ಲಿನ ವಿಚಾರ. ಇವೆರಡೂ ಅವಶ್ಯಕವೇ. ಆದರೆ ಇವುಗಳ ನಡುವೆ ಮೂರನೆಯ ಪ್ರಶ್ನೆಯೊಂದು ಉಳಿದುಹೋಗುತ್ತದೆ. ಮನೆಯಲ್ಲಿ ಮಾಡಿದ ಮದ್ಯವು ಚೆನ್ನಾಗಿ ಬಂದಿದೆಯೋ ಕೆಟ್ಟಿದೆಯೋ ಎಂದು ತೀರ್ಮಾನಿಸುತ್ತಿದ್ದವರು ಯಾರು? ಆ ತೀರ್ಮಾನವು ಮಾಡಿದವನಿಗೆ ಹೇಗೆ ಮರಳಿ ತಲಪುತ್ತಿದ್ದಿತು? ಸೊರಬ ಸೀಮೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ನೆರೆಯವನ ನಾಲಗೆಯೇ ಈ ಕಸುಬಿನ ನ್ಯಾಯಸ್ಥಾನವಾಗಿದ್ದಿತು. ಆಧುನಿಕ ಅಬ್ಕಾರಿ ಶಾಸನವು ಮನೆಮದ್ಯವನ್ನು ಹತೋಟಿಗೆ ತಂದಾಗ ಈ ನ್ಯಾಯಸ್ಥಾನವೂ ಸದ್ದಿಲ್ಲದೆ ಮುಚ್ಚಿಹೋಯಿತು ಎಂಬುದು ನಮ್ಮ ಅಭಿಪ್ರಾಯ.

ದಂಡಾವತಿ ನದಿಯ ದಡದಲ್ಲಿರುವ ಸೊರಬವೂ ಅದರ ನೆರೆಯ ಶಿಕಾರಿಪುರವೂ ಚರಿತ್ರೆಯ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ತಾಳಗುಂದ, ಬಳ್ಳಿಗಾವೆ, ಬಂದಳಿಕೆ, ಕುಬಟೂರು ಮೊದಲಾದ ಸ್ಥಳಗಳು ಈ ಭಾಗದಲ್ಲಿಯೇ ಇವೆ. ಬನವಾಸಿ ಪನ್ನಿರ್ಛಾಸಿರದ ಒಳಗಿನ ನಾಗರಖಂಡ ಎಪ್ಪತ್ತು ಎಂಬ ನಾಡು ಇದೇ. ಬಿ. ಎಲ್. ರೈಸರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಮತ್ತು ಎಂಟನೆಯ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳು ಸೇರಿವೆ. ಪೂರ್ವಕ್ಕೆ ಬಯಲು, ಪಶ್ಚಿಮಕ್ಕೆ ಕಾಡು ಇರುವ ಈ ಅರೆಮಲೆನಾಡಿನ ಕಾನುಗಳಲ್ಲಿ ಬಗನಿ ಮರವು ಬೆಳೆಯುತ್ತದೆ. ಬೈನೆ ಎಂಬುದೂ ಇದರ ಹೆಸರೇ. ಇದರಿಂದ ಕಳ್ಳನ್ನು ಇಳಿಸುವ ಕೆಲಸವು ಇಲ್ಲಿ ದೀವರಿಗೆ ಸೇರಿದ್ದಿತು. ಹಳೆಪೈಕರೆಂಬ ಇನ್ನೊಂದು ಹೆಸರು ಅವರಿಗಿದೆ. ಪೈಕರೆಂದರೆ ಕಾಲಾಳುಗಳಾದುದರಿಂದ, ಇವರು ಹಿಂದೆ ಅರಸರ ಸೈನ್ಯದಲ್ಲಿದ್ದವರೆಂದು ಈ ಹೆಸರನ್ನು ವಿವರಿಸುವುದುಂಟು. ಬಗನಿಯ ಕಳ್ಳಲ್ಲದೆ, ಮಲೆನಾಡಿನ ಮನೆಗಳಲ್ಲಿ ಅಕ್ಕಿಯನ್ನು ಹುದುಗೆಬ್ಬಿಸಿ ಮಾಡುತ್ತಿದ್ದ ಬೋಜವೂ ಬಳಕೆಯಲ್ಲಿದ್ದಿತು. ಪಾಶ್ಚಾತ್ಯರು ಬಾರ್ಲಿಯಿಂದ ಮಾಡುವ ಬಿಯರು ಯಾವ ಜಾತಿಯ ಪಾನೀಯವೋ ಅಕ್ಕಿಯ ಬೋಜವೂ ಅದೇ ಜಾತಿಯದು. ಎರಡೂ ಧಾನ್ಯದಿಂದ ಹುದುಗುವಂಥವು, ಭಟ್ಟಿಯಿಳಿಸಿದವಲ್ಲ.

ಈ ಕಸುಬಿನಲ್ಲಿ ರುಚಿ ನೋಡುವುದು ಏಕೆ ಅನಿವಾರ್ಯವಾಗಿದ್ದಿತೆಂಬುದನ್ನು ತಿಳಿಯಲು ಕೆಲಸದ ಕ್ರಮವನ್ನು ಸ್ವಲ್ಪ ಗಮನಿಸಬೇಕು. ಬಗನಿಯು ಹಲವು ವರ್ಷ ಬೆಳೆದ ಮೇಲೆ ಹೂಬಿಡುತ್ತದೆ. ಮೊದಲ ಹೊಂಬಾಳೆ ತುದಿಯಲ್ಲಿ. ಆಮೇಲಿನವು ಒಂದರ ಕೆಳಗೊಂದು ಇಳಿಯುತ್ತ ಬರುತ್ತವೆ. ಕೊನೆಯದು ಮುಗಿದೊಡನೆ ಮರವೂ ಸಾಯುತ್ತದೆ. ಮರ ಹತ್ತಿದವನು ಹೊಂಬಾಳೆಯನ್ನು ಬಿಗಿದು ಕಟ್ಟಿ, ಬಡಿದು ಮೆದುಮಾಡಿ, ತುದಿಯನ್ನು ದಿನವೂ ತೆಳ್ಳಗೆ ಕೊಯ್ದು ಕೆಳಗೆ ಗಡಿಗೆಯನ್ನು ಕಟ್ಟುತ್ತಾನೆ. ತೊಟ್ಟಿಕ್ಕುವ ರಸವು ಮೊದಲು ಬರಿಯ ಸಿಹಿ. ಗಾಳಿಯಲ್ಲಿಯೂ ಗಡಿಗೆಯ ಮೈಯಲ್ಲಿಯೂ ಇರುವ ಯೀಸ್ಟು ಎಂಬ ಸೂಕ್ಷ್ಮಜೀವಿ ಅದನ್ನು ಕೆಲವೇ ಗಂಟೆಗಳಲ್ಲಿ ಹುದುಗಿಸುತ್ತದೆ. ಹೊತ್ತು ಮೀರಿದರೆ ಹುಳಿ ಏರಿ, ಮತ್ತೂ ಬಿಟ್ಟರೆ ಕಾಡಿಯಾಗುತ್ತದೆ. ಹೀಗೆ ಬೆಳಗಿನ ಕಳ್ಳು ಬೇರೆ, ಸಂಜೆಯದು ಬೇರೆ. ಎಳೆಯ ಹೊಂಬಾಳೆಯದು ಬೇರೆ, ಬಲಿತುದು ಬೇರೆ. ತೊಳೆದ ಗಡಿಗೆಯದು ಬೇರೆ, ತೊಳೆಯದ ಗಡಿಗೆಯದು ಬೇರೆ. ಗಡಿಯಾರವೂ ಉಷ್ಣಮಾಪಕವೂ ಇಲ್ಲದ ಕಾಲದಲ್ಲಿ ಈ ಭೇದಗಳನ್ನು ಅಳೆಯಲು ನಾಲಗೆ ಮೂಗುಗಳ ಹೊರತು ಬೇರೆ ಸಾಧನವಿದ್ದಿಲ್ಲ.

ಆದರೆ ಮಾಡಿದವನ ನಾಲಗೆಯೊಂದೇ ಸಾಲದು. ತನ್ನ ಗಡಿಗೆಯ ಹುಳಿಗೆ ಒಗ್ಗಿಹೋದ ನಾಲಗೆ ಆ ಹುಳಿಯನ್ನು ಗುರುತಿಸಲಾರದು. ದಿನವೂ ಮೂಗಿಗೆ ಬಡಿಯುವ ವಾಸನೆ ವಾಸನೆಯಾಗಿಯೇ ತೋರುವುದಿಲ್ಲ. ಆದುದರಿಂದ ಅದೇ ಕಸುಬಿನ ಇನ್ನೊಬ್ಬನು, ಬೇರೆ ಮರದ ಕಳ್ಳನ್ನು ಕುಡಿದು ಬಲ್ಲವನು, ಹೇಳುವ ಮಾತಿಗೆ ವಿಶೇಷ ಬೆಲೆಯುಂಟು. ಗಿರಾಕಿ ‘ಚೆನ್ನಾಗಿಲ್ಲ’ ಎಂದು ಹೇಳಬಲ್ಲನು. ಕಸುಬುದಾರನಾದ ನೆರೆಯವನು ಏಕೆ ಚೆನ್ನಾಗಿಲ್ಲವೆಂಬುದನ್ನೂ ಹೇಳಬಲ್ಲನು. ಒಗರಾಗಿದ್ದರೆ ಒಂದು ಕಾರಣ, ಬೇಗ ಹುಳಿಯೇರಿದ್ದರೆ ಇನ್ನೊಂದು, ನೀರಾಗಿದ್ದರೆ ಮತ್ತೊಂದು. ಬೋಜದಂಥ ಧಾನ್ಯಮದ್ಯದಲ್ಲಿ ಈ ಅವಶ್ಯಕತೆ ಇನ್ನೂ ಹೆಚ್ಚಿನದು. ಅಲ್ಲಿ ಹಿಟ್ಟಿನ ಅಂಶವು ಮೊದಲು ಸಕ್ಕರೆಯಾಗಿ ಆಮೇಲೆ ಹುದುಗಬೇಕು. ಎಲ್ಲವೂ ಹೆಪ್ಪಿನ ಗುಣವನ್ನು ಅವಲಂಬಿಸಿರುತ್ತದೆ. ಯಾವ ಮಡಕೆಯ ಹೆಪ್ಪನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಚೆಲ್ಲಬೇಕು ಎಂಬುದು ರುಚಿ ನೋಡಿದಲ್ಲದೆ ತಿಳಿಯದು.

ಮನೆಮದ್ಯಕ್ಕೆ ಪ್ರಾಚೀನ ರಾಜನೀತಿಯಲ್ಲಿ ಯಾವ ಸ್ಥಾನವಿದ್ದಿತು? ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೊರಕುತ್ತದೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಈ ಗ್ರಂಥದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳು ನಿರೂಪಿತವಾಗಿವೆ. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಮದ್ಯದ ಭೇದಗಳನ್ನು ಹೇಳಿ, ಮೇದಕಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ಅಳತೆಯನ್ನೂ ಕೊಟ್ಟಿದೆ. ಮದ್ಯವು ರಾಜನ ಹತೋಟಿಯಲ್ಲಿದ್ದರೂ ಗೃಹಸ್ಥರು ತಮ್ಮ ಮನೆಯ ಶುಭಕಾರ್ಯಗಳಲ್ಲಿ ಶ್ವೇತಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆಂದೂ, ಉತ್ಸವ ಜಾತ್ರೆಗಳಲ್ಲಿ ನಾಲ್ಕು ದಿನಗಳ ಮಟ್ಟಿಗೆ ಮದ್ಯ ಮಾಡಲು ಅವಕಾಶವಿರಬೇಕೆಂದೂ ಅಲ್ಲಿ ವಿಧಿಸಿದೆ. ಕೌಟಿಲ್ಯನಂಥ ಕಟ್ಟುನಿಟ್ಟಿನ ಶಾಸನಕಾರನೂ ಮನೆಯ ಮಡಕೆಗೆ ಒಂದು ಬಾಗಿಲನ್ನು ತೆರೆದಿಟ್ಟಿದ್ದನೆಂಬುದು ಗಮನಾರ್ಹ.

ಕನ್ನಡದ ಆಧಾರಗಳು ಹೆಚ್ಚಾಗಿ ಅರಮನೆಯ ಕಡೆಯಿಂದ ಬಂದವು. ಬನವಾಸಿಯನ್ನು ಹಂಬಲಿಸಿದ ಪಂಪನು ತನ್ನ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯನ್ನು ವರ್ಣಿಸುವಾಗ ಪಕ್ಷಿಗಳ ಆಕಾರದ ಪಾನಪಾತ್ರೆಗಳನ್ನು ಸಹ ಬಿಡದೆ ಹೇಳುತ್ತಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮದಿರಾಪಾನವು ರಾಜನ ಕ್ರೀಡೆಗಳಲ್ಲೊಂದಾಗಿ ಪರಿಗಣಿತವಾಗಿದೆ. ಬಳ್ಳಿಗಾವೆಯು ಆ ಅರಸರ ಆಳ್ವಿಕೆಯಲ್ಲಿ ಬನವಾಸಿ ನಾಡಿನ ಮುಖ್ಯ ನಗರವಾಗಿದ್ದಿತು. ಆದರೆ ಈ ಗೋಷ್ಠಿಗಳಲ್ಲಿ ಕುಡಿಯುವವರು ಬೇರೆ, ಮಾಡುವವರು ಬೇರೆ. ಅಲ್ಲಿ ರುಚಿಯು ಭೋಗದ ಅಂಗ, ತಿದ್ದಿಕೊಳ್ಳುವುದರ ಸಾಧನವಲ್ಲ. ಮಾಡುವವರ ಕಡೆಯಿಂದ ಬಂದ ದನಿಯೊಂದನ್ನು ಕೇಳಬೇಕಾದರೆ 12ನೆಯ ಶತಮಾನದ ಶರಣರಲ್ಲಿಗೆ ಹೋಗಬೇಕು. ಹೆಂಡ ಮಾರುವುದನ್ನು ಕಾಯಕವಾಗಿ ಮಾಡಿಕೊಂಡಿದ್ದ ಹೆಂಡದ ಮಾರಯ್ಯನು ಶರಣರ ಸಾಲಿನಲ್ಲಿ ವಚನಕಾರನಾಗಿ ನಿಂತಿದ್ದಾನೆ. ಕಸುಬು ಕೀಳೆನಿಸಿಕೊಂಡಿದ್ದರೂ ಕಸುಬುದಾರನ ಮಾತಿಗೆ ಬೆಲೆ ಬರಬಹುದೆಂಬುದಕ್ಕೆ ಇದೊಂದು ನಿದರ್ಶನ.

ಆಧುನಿಕ ಕಾಲಕ್ಕೆ ಬಂದರೆ ಪರಿಸ್ಥಿತಿ ಬದಲಾಗುತ್ತದೆ. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಸೊರಬವು ಮೈಸೂರಿನಲ್ಲಿಯೇ ಉಳಿಯಿತು. ಹೀಗೆ ಒಂದೇ ಕಾಡು, ಒಂದೇ ಮರ, ಒಂದೇ ಜನ ಎರಡು ಕಾನೂನುಗಳಿಗೆ ಒಳಪಟ್ಟರು. ಬನವಾಸಿಯ ಕಡೆಗೆ 1878ರ ಮುಂಬಯಿ ಅಬ್ಕಾರಿ ಶಾಸನ, ಸೊರಬದ ಕಡೆಗೆ 1901ರ ಮೈಸೂರು ಅಬ್ಕಾರಿ ರೆಗ್ಯುಲೇಷನ್. ಶಾಸನಗಳು ಬೇರೆಯಾದರೂ ತತ್ತ್ವ ಒಂದೇ: ಸರ್ಕಾರದ ಅಪ್ಪಣೆಯಿಲ್ಲದೆ ಮರ ಕಟ್ಟಕೂಡದು, ಮದ್ಯ ಮಾಡಕೂಡದು. ಏಕೀಕರಣದ ಅನಂತರ 1961ರ ಮೈಸೂರು ಪಾನನಿರೋಧ ಶಾಸನ ಬಂದಿತು. 1967ರಲ್ಲಿ ಪಾನನಿರೋಧವನ್ನು ಸಡಿಲಿಸಲಾಯಿತು. ಇಂದಿಗೂ ಜಾರಿಯಲ್ಲಿರುವ 1965ರ ಅಬ್ಕಾರಿ ಶಾಸನವು ಹಿಂದಿನ ಪ್ರಾಂತಗಳ ಕಾನೂನುಗಳನ್ನು ಒಂದುಗೂಡಿಸಿತು. 2007ರ ಜುಲೈ ತಿಂಗಳಿನಿಂದ ಸಾರಾಯಿಯ ಮಾರಾಟವೂ ನಿಂತಿತು. ಈ ಎಲ್ಲ ಕಾಲದಲ್ಲಿಯೂ ಅಧಿಕಾರಿಗಳು ಮರಗಳನ್ನು ಎಣಿಸಿದರು, ಅಂಗಡಿಗಳನ್ನು ಹರಾಜು ಹಾಕಿದರು, ಸಾರಾಯಿಯ ಕಡುಪನ್ನು ಮಾಪಕದಿಂದ ಅಳೆದರು. ರುಚಿಯು ಅವರ ಲೆಕ್ಕಕ್ಕೆ ಸೇರಿದ ವಿಷಯವಾಗಿರಲಿಲ್ಲ. ಕದ್ದು ಮಾಡುವ ಮದ್ಯವನ್ನು ನೆರೆಯವನಿಗೆ ಕೊಟ್ಟು ಹೇಗಿದೆಯೆಂದು ಕೇಳುವುದು ಸಾಧ್ಯವೂ ಅಲ್ಲ. ಗುಟ್ಟಾದ ಕಸುಬಿನಲ್ಲಿ ಮೊದಲು ಸಾಯುವುದು ವಿಮರ್ಶೆ.

ಇದು ಅನಿವಾರ್ಯವಾಗಿದ್ದಿತೆ? ಬೇರೆ ದೇಶಗಳ ಇತಿಹಾಸವು ಹಾಗೆ ಹೇಳುವುದಿಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಏಲ್ ಎಂಬ ಬಿಯರನ್ನು ಬಹುಮಟ್ಟಿಗೆ ಹೆಂಗಸರೇ ಮನೆಗಳಲ್ಲಿ ಮಾಡಿ ಮಾರುತ್ತಿದ್ದರು. 13ನೆಯ ಶತಮಾನದಲ್ಲಿ ಮೂರನೆಯ ಹೆನ್ರಿಯ ಕಾಲದ ಶಾಸನವು ಅದರ ಬೆಲೆಯನ್ನು ಗೊತ್ತುಪಡಿಸಿತು. ಊರಿನವರಲ್ಲಿಯೇ ಒಬ್ಬನು ‘ಏಲ್ ರುಚಿಗಾರ’ನಾಗಿ ನೇಮಕಗೊಂಡು ಹೊಸ ಮಡಕೆಯನ್ನು ತೆರೆದಾಗ ರುಚಿ ನೋಡಿ ತೀರ್ಪು ಕೊಡುತ್ತಿದ್ದನು. ಮುಂದೆ ಅಲ್ಲಿಯೂ ಮನೆಯಲ್ಲಿ ಬಿಯರು ಮಾಡಲು 1880ರಿಂದ ಪರವಾನಗಿ ಬೇಕಾಯಿತು. ಆ ನಿರ್ಬಂಧ 1963ರಲ್ಲಿ ರದ್ದಾಯಿತು. ಅಮೆರಿಕದಲ್ಲಿ 1978ರ ಶಾಸನವು ಸ್ವಂತ ಬಳಕೆಯ ಮನೆಬಿಯರಿಗೆ ಒಕ್ಕೂಟದ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. ಏಳೇ ವರ್ಷಗಳಲ್ಲಿ, 1985ರಲ್ಲಿ, ಅಲ್ಲಿನ ಮನೆಬಿಯರುಗಾರರಿಗಾಗಿ ತೀರ್ಪುಗಾರರನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಒಂದು ವ್ಯವಸ್ಥೆಯೇ ಹುಟ್ಟಿತು. ಅದರ ಅಂಕಪತ್ರದಲ್ಲಿ ಒಟ್ಟು 50 ಅಂಕಗಳು: ಕಂಪಿಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಸ್ಪರ್ಶಕ್ಕೆ 5, ಒಟ್ಟು ಪರಿಣಾಮಕ್ಕೆ 10. ಅಂಕ ಕೊಟ್ಟರೆ ಸಾಲದು, ದೋಷದ ಕಾರಣವನ್ನೂ ತಿದ್ದುವ ಉಪಾಯವನ್ನೂ ಬರೆದು ತಿಳಿಸಬೇಕೆಂಬುದು ಅಲ್ಲಿನ ಪದ್ಧತಿ. ಮಲೆನಾಡಿನ ಕಸುಬುದಾರನು ನೆರೆಯವನಿಂದ ನಿರೀಕ್ಷಿಸಬಹುದಾಗಿದ್ದುದೂ ಇಂಥದೇ ಮಾತನ್ನು; ಅಲ್ಲಿ ಅದು ಕಾಗದಕ್ಕೆ ಇಳಿದಿದೆ, ಇಲ್ಲಿ ಇಳಿಯಲಿಲ್ಲ.

ಹಾಗೆಂದು ಹಳೆಯದೆಲ್ಲವೂ ಚೆನ್ನಾಗಿದ್ದಿತೆಂದು ಹೇಳುವುದು ಇತಿಹಾಸಕ್ಕೆ ದ್ರೋಹ. ಕುವೆಂಪು ಅವರ ಕಾನೂರು ಹೆಗ್ಗಡಿತಿಯಲ್ಲಿ (1936) ಬರುವ ಹಳೆಪೈಕದ ತಿಮ್ಮನ ಪಾತ್ರವು ಇದೇ ಜಿಲ್ಲೆಯ ತೀರ್ಥಹಳ್ಳಿ ಸೀಮೆಯಲ್ಲಿ ಕಳ್ಳಿಗೂ ಒಕ್ಕಲು ಜೀವನಕ್ಕೂ ಇದ್ದ ನಂಟನ್ನು ಕಾಣಿಸುತ್ತದೆ. ಆ ಜೀವನದಲ್ಲಿ ಸಾಲವೂ ಜಗಳವೂ ಕಡಿಮೆಯಿರಲಿಲ್ಲ. ದೀವರಿಗೆ ಕಳ್ಳಿನ ಕಸುಬು ಜೀವನೋಪಾಯವಾಗಿದ್ದಂತೆ ತುಚ್ಛೀಕಾರಕ್ಕೂ ಕಾರಣವಾಗಿದ್ದಿತು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಸಾಗರದ ಗೇಣಿದಾರರಾದ ದೀವರು ಭೂಮಿಗಾಗಿ ಎದ್ದು ನಿಂತುದೂ, 1974ರ ಭೂಸುಧಾರಣೆಯಿಂದ ಉಳುವವರು ಒಡೆಯರಾದುದೂ ಈ ಜನರ ಆತ್ಮಗೌರವದ ಕಥೆಯ ಮುಖ್ಯ ಘಟ್ಟಗಳು. ಬಗನಿ ಮರದಿಂದ ಇಳಿದು ಗದ್ದೆಗೆ ಒಡೆಯನಾದವನಿಗೆ, ಶಾಲೆಗೆ ಮಕ್ಕಳನ್ನು ಕಳುಹಿಸಿದವನಿಗೆ, ಆ ಕಸುಬನ್ನು ಬಿಟ್ಟುದಕ್ಕಾಗಿ ಯಾರೂ ಮರುಕ ತೋರಿಸಬೇಕಾಗಿಲ್ಲ. ಅವನು ಪಡೆದುದು ಕಳೆದುದಕ್ಕಿಂತ ದೊಡ್ಡದು.

ಆದರೂ ಕಳೆದುದು ಯಾವುದೆಂದು ಹೇಳುವ ಹೊಣೆ ಚರಿತ್ರಕಾರನದು. ಕೀಳೆಂದು ಕರೆಸಿಕೊಂಡ ಕಸುಬಿನೊಳಗೆ ಒಂದು ಸೂಕ್ಷ್ಮವಾದ ಜ್ಞಾನವಿದ್ದಿತು. ಆ ಜ್ಞಾನವನ್ನು ಪರೀಕ್ಷಿಸುವ ಪ್ರಾಮಾಣಿಕವಾದ ವಿಧಾನವೂ ಇದ್ದಿತು. ಗೆಳೆಯನ ಕಳ್ಳನ್ನು ಕುಡಿದು ಅದು ಕೆಟ್ಟಿದೆಯೆಂದು ಮುಖಕ್ಕೆ ಹೇಳುವುದು ಸುಲಭವಲ್ಲ. ಹೇಳಿಸಿಕೊಂಡು ಮರುದಿನ ಗಡಿಗೆಯನ್ನು ತೊಳೆಯುವುದು ಇನ್ನೂ ಕಷ್ಟ. ವಿದ್ವತ್ತಿನ ಲೋಕದಲ್ಲಿ ನಾವು ವಿಮರ್ಶೆಯೆಂದು ಗೌರವಿಸುವ ಗುಣಕ್ಕೂ ಇದಕ್ಕೂ ಜಾತಿಭೇದವಿಲ್ಲ.

ಈ ವಿಷಯದಲ್ಲಿ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದ ಒಂದು ಕೆಲಸವನ್ನು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ. ಸೊರಬ, ಶಿಕಾರಿಪುರ, ಸಾಗರ, ಹೊಸನಗರ ಸೀಮೆಗಳಲ್ಲಿ ಬಗನಿ ಕಟ್ಟುವುದನ್ನೂ ಬೋಜ ಮಾಡುವುದನ್ನೂ ಬಲ್ಲ ಹಿರಿಯರಿಂದ ರುಚಿಯ ಮಾತುಗಳನ್ನು ಸಂಗ್ರಹಿಸಬೇಕು. ಹುಳಿ, ಒಗರು, ಕಂಪು, ಕಡುಪು ಇವುಗಳಲ್ಲಿ ಅವರು ಮಾಡುವ ಒಳಭೇದಗಳು ಯಾವುವು? ಒಂದೊಂದು ದೋಷಕ್ಕೂ ಅವರು ಹೇಳುವ ಕಾರಣವೇನು? ಇವನ್ನು ಹೇಳಿದವರ ಉಚ್ಚಾರಣೆಯಲ್ಲಿಯೇ, ಊರು ಮತ್ತು ವರ್ಷದೊಡನೆ ಬರೆದಿಡಬೇಕು. ಮಡಕೆಯಲ್ಲಿದ್ದುದು ಅಂದಂದಿಗೇ ಬರಿದಾಯಿತು. ಅದನ್ನು ತೂಗಿ ನೋಡಿದ ಮಾತುಗಳಾದರೂ ನಮ್ಮ ನಿಘಂಟುಗಳಿಗೂ ಚರಿತ್ರೆಗೂ ಸೇರಬೇಕು.