ನಾಕಿಂಗ್ ಅಳತೆಯ ಚರಿತ್ರೆ: ಕಿವಿಯಿಂದ ಸೆನ್ಸರ್‌ವರೆಗೆ

ಟ್ಯೂನ್ ಮಾಡಿಸಿದ ಕಾರಿನ ಇಸಿಯುಗೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಲ್ಯಾಪ್‌ಟಾಪ್ ಜೋಡಿಸಿದಾಗ ಮಾಲೀಕರ ಕಣ್ಣು ಮೊದಲು ಹೋಗುವುದು ಎರಡು ಅಂಕಿಗಳತ್ತ. ಇಗ್ನಿಷನ್ ಟೈಮಿಂಗ್ ಎಷ್ಟು ಡಿಗ್ರಿ ಇದೆ ಎಂಬುದು ಒಂದು, ನಾಕಿಂಗ್ ಕಾರಣಕ್ಕೆ ಇಸಿಯು ಅದರಲ್ಲಿ ಎಷ್ಟು ಕಡಿತ ಮಾಡಿದೆ ಎಂಬುದು ಇನ್ನೊಂದು. ಎರಡನೆಯದು ಸೊನ್ನೆ ಬಿಟ್ಟು ಬೇರೇನಾದರೂ ತೋರಿಸಿದರೆ ಎಂಜಿನ್ ಕೆಟ್ಟಿತೆಂದೇ ಬಹಳ ಜನ ಗಾಬರಿಯಾಗುತ್ತಾರೆ. ಈ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ನಾಕಿಂಗ್ ಅಳತೆಯ ಚರಿತ್ರೆಯ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಿಡಿಯ ಹೊತ್ತು

ಪೆಟ್ರೋಲ್ ಆವಿ ಉರಿಯಲು ಸಮಯ ಬೇಕು. ಒತ್ತಡ ಶಿಖರ ಮುಟ್ಟುವ ಹೊತ್ತಿಗೆ ಪಿಸ್ಟನ್ ಮೇಲ್ತುದಿ ದಾಟಿ, ಕ್ರ್ಯಾಂಕ್ ಸುಮಾರು 15 ಡಿಗ್ರಿ ತಿರುಗಿದ್ದರೆ ಹೆಚ್ಚು ಶಕ್ತಿ ಸಿಗುತ್ತದೆ. ಆದ್ದರಿಂದ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಿಸಬೇಕು. ಇದೇ ಅಡ್ವಾನ್ಸ್. ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಸ್ಟಿಯರಿಂಗ್ ಕೆಳಗಿನ ಲಿವರ್‌ನಿಂದ ಚಾಲಕರೇ ಇದನ್ನು ಹೊಂದಿಸುತ್ತಿದ್ದರು. ಅತಿಯಾಗಿ ಅಡ್ವಾನ್ಸ್ ಮಾಡಿದರೆ, ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಬಿಸಿ ಮತ್ತು ಒತ್ತಡ ತಾಳಲಾರದೆ ತಾನೇ ಹೊತ್ತಿಕೊಂಡು ಲೋಹಕ್ಕೆ ಬಡಿಯುತ್ತದೆ. ಇದೇ ನಾಕಿಂಗ್.

ಮೊದಲ ಸಾಧನಗಳು

ಕಿಡಿಗೂ ಮೊದಲೇ ಬಿಸಿ ಭಾಗಗಳಿಂದ ಹೊತ್ತಿಕೊಳ್ಳುವುದು ಬೇರೆ, ನಾಕಿಂಗ್ ಬೇರೆ ಎಂಬ ತಿಳಿವಳಿಕೆ ಮೊದಲ ಮಹಾಯುದ್ಧಕ್ಕೆ ಮುಂಚೆ ಕೇಂಬ್ರಿಡ್ಜ್‌ನಲ್ಲಿ ಬರ್ಟ್ರಂ ಹಾಪ್ಕಿನ್ಸನ್ ಮತ್ತು ಅವರ ಶಿಷ್ಯ ಹ್ಯಾರಿ ರಿಕಾರ್ಡೊ ಅವರ ಕೆಲಸದಿಂದ ಬೆಳೆಯಿತು. ಅಮೆರಿಕದ ಡೇಟನ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರಿಗೆ ನಾಕಿಂಗ್ ಮರ್ಯಾದೆಯ ಪ್ರಶ್ನೆಯಾಗಿತ್ತು. ಅವರ ಬ್ಯಾಟರಿ ಇಗ್ನಿಷನ್‌ನಿಂದಲೇ ಎಂಜಿನ್ ಬಡಿಯುತ್ತದೆ ಎಂಬ ದೂರಿತ್ತು. ಅವರ ಸಹಾಯಕ ಥಾಮಸ್ ಮಿಡ್ಜ್ಲಿ ಸಿಲಿಂಡರ್ ಒತ್ತಡವನ್ನು ದಾಖಲಿಸಿ, ಬಡಿತ ಹುಟ್ಟುವುದು ಕಿಡಿಯ ನಂತರ, ಅದಕ್ಕೆ ಇಂಧನದ ಗುಣವೂ ಕಾರಣ ಎಂದು ತೋರಿಸಿದರು.

ಮಿಡ್ಜ್ಲಿ ಮತ್ತು ಅವರ ಸಹೋದ್ಯೋಗಿ ಟಿ. ಎ. ಬಾಯ್ಡ್ 1920ರ ದಶಕದ ಆರಂಭದಲ್ಲಿ ರೂಪಿಸಿದ ಸಾಧನ ಕುತೂಹಲಕರ. ಸಿಲಿಂಡರ್ ಮೇಲಿನ ತೆಳು ಪರದೆಯ ಮೇಲೆ ಒಂದು ಉಕ್ಕಿನ ಪಿನ್ ನಿಂತಿರುತ್ತಿತ್ತು. ನಾಕಿಂಗ್ ಆದಾಗ ಪಿನ್ ಜಿಗಿದು ವಿದ್ಯುತ್ ಸಂಪರ್ಕ ಕೂಡಿಸುತ್ತಿತ್ತು. ಆ ವಿದ್ಯುತ್ತು ಆಮ್ಲದ ದ್ರಾವಣದಲ್ಲಿ ಹರಿದು ಅನಿಲ ಹೊರಡಿಸುತ್ತಿತ್ತು. ಗಾಜಿನ ಕೊಳವೆಯಲ್ಲಿ ಶೇಖರವಾದ ಅನಿಲದ ಪ್ರಮಾಣವೇ ನಾಕಿಂಗ್‌ನ ಲೆಕ್ಕ. ಇದೇ ತಂಡ 1921ರಲ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿ ನಾಕಿಂಗ್ ಅಡಗಿಸಿತು. ಆ ವಿಷವನ್ನು ಭಾರತ ಪೂರ್ತಿ ಕೈಬಿಟ್ಟದ್ದು 2000ದಲ್ಲಿ.

ಇಂಧನ ನಾಕಿಂಗನ್ನು ಎಷ್ಟು ತಡೆಯುತ್ತದೆ ಎಂದು ಅಳೆಯಲು ರಸಾಯನವಿಜ್ಞಾನಿ ಗ್ರಹಾಂ ಎಡ್ಗರ್ 1920ರ ದಶಕದಲ್ಲಿ ಐಸೋ-ಆಕ್ಟೇನ್‌ಗೆ 100, ಹೆಪ್ಟೇನ್‌ಗೆ 0 ಎಂಬ ಮಾಪಕಕ್ಕೆ ಅಡಿಪಾಯ ಹಾಕಿದರು. ಕಂಪ್ರೆಷನ್ ಬದಲಿಸಬಲ್ಲ ಸಿಎಫ್‌ಆರ್ ಎಂಜಿನ್ ಅದನ್ನು ಪ್ರಯೋಗಶಾಲೆಗಳ ವಾಡಿಕೆಯಾಗಿಸಿತು. ರಿಸರ್ಚ್ ಆಕ್ಟೇನ್ ಪರೀಕ್ಷೆಯಲ್ಲಿ ಎಂಜಿನ್ ವೇಗ 600 ಆರ್‌ಪಿಎಂ, ಟೈಮಿಂಗ್ 13 ಡಿಗ್ರಿ. ಎರಡೂ ಸ್ಥಿರ. ಪೆಟ್ರೋಲ್ ಬಂಕಿನಲ್ಲಿ ಕಾಣುವ 91, 95 ಎಂಬ ಅಂಕಿಗಳ ಹಿಂದಿರುವುದು ಈ ಕಟ್ಟುಪಾಡು.

ಸದ್ದು ಅಂಕಿಯಾದದ್ದು

ನಾಕಿಂಗ್ ಆದಾಗ ಸಿಲಿಂಡರಿನೊಳಗಿನ ಅನಿಲ ಒಂದು ನಿಗದಿತ ಸ್ವರದಲ್ಲಿ ಅನುರಣಿಸುತ್ತದೆ ಎಂದು ಎಂಐಟಿಯ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್ 1930ರ ದಶಕದಲ್ಲಿ ವಿಶ್ಲೇಷಿಸಿದರು. ಸ್ವರವನ್ನು ನಿರ್ಧರಿಸುವುದು ಸಿಲಿಂಡರಿನ ಅಗಲ ಮತ್ತು ಬಿಸಿ ಅನಿಲದಲ್ಲಿ ಶಬ್ದದ ವೇಗ. 86 ಮಿ.ಮೀ. ಅಗಲದ ಸಿಲಿಂಡರಿಗೆ ಅದು ಸುಮಾರು 6,500 ಹರ್ಟ್ಸ್. ಮುಂದೆ ಕಾರುಗಳಿಗೆ ಬಂದ ನಾಕ್ ಸೆನ್ಸರ್ ಈ ಸ್ವರಕ್ಕೇ ಕಿವಿಗೊಡುತ್ತದೆ. 1978ರ ಬ್ಯೂಕ್ ಟರ್ಬೊ ವಿ6 ಎಂಜಿನ್ ಸೆನ್ಸರ್ ಮಾತು ಕೇಳಿ ಟೈಮಿಂಗ್ ಹಿಂದಕ್ಕೆಳೆಯುತ್ತಿತ್ತು. 1980ರ ದಶಕದ ಆರಂಭದಲ್ಲಿ ಬಂದ ಸಾಬ್‌ನ ಎಪಿಸಿ ವ್ಯವಸ್ಥೆ ಟರ್ಬೊ ಒತ್ತಡವನ್ನೇ ಇಳಿಸುತ್ತಿತ್ತು.

ಎಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿದ ಈ ಸೆನ್ಸರ್‌ನೊಳಗಿನ ಪೀಜೋ ಹರಳಿಗೆ ಗೊತ್ತಿರುವುದು ಕಂಪನ ಮಾತ್ರ. ವಾಲ್ವ್ ಕೂರುವ ಸದ್ದು, ಸಡಿಲವಾದ ಎಕ್ಸಾಸ್ಟ್ ಕವಚ, ಫೋರ್ಜ್ಡ್ ಪಿಸ್ಟನ್ ತಣ್ಣಗಿರುವಾಗ ಸಿಲಿಂಡರ್ ಗೋಡೆಗೆ ಬಡಿಯುವುದು, ಎಲ್ಲವೂ ಅದಕ್ಕೆ ತಲುಪುತ್ತವೆ. ಸಿಲಿಂಡರ್ ಬೋರ್ ಮಾಡಿಸಿ ಅಗಲಿಸಿದರೆ ಸ್ವರವೇ ಕೆಳಗಿಳಿಯುತ್ತದೆ. ಆದರೆ ಇಸಿಯುವಿನ ಸೋಸುವಿಕೆ ಕಂಪನಿಯಿಂದ ಬಂದ ಎಂಜಿನ್‌ಗೆ ಹೊಂದಿಸಿದ್ದು. ಟ್ಯೂನ್ ಮಾಡಿದ ಎಂಜಿನ್‌ನಲ್ಲಿ ಸುಳ್ಳು ನಾಕಿಂಗ್ ಕಾಣುವುದಕ್ಕೂ ನಿಜವಾದದ್ದು ತಪ್ಪಿಹೋಗುವುದಕ್ಕೂ ಕಾರಣ ಇದೇ.

ಓದುವ ಕ್ರಮ

ಪಿನ್ನಿನಿಂದ ಹರಳಿನವರೆಗೆ ಈ ಸಾಧನಗಳು ಅಳೆದದ್ದು ನಾಕಿಂಗ್ ಬಿಟ್ಟುಹೋದ ಗುರುತನ್ನು. ಹಾಗಾಗಿ ಒಂದು ಅಂಕಿ ಸಾಕ್ಷಿಯಾಗಬಹುದೇ ಹೊರತು ತೀರ್ಪಾಗದು. ರಸ್ತೆಯ ಹಂಪ್ ಹಾರುವಾಗ ಒಮ್ಮೆ ಕಂಡ ಕಡಿತಕ್ಕೂ, ಪ್ರತಿ ಓಟದಲ್ಲೂ ಅದೇ ಆರ್‌ಪಿಎಂ, ಅದೇ ಲೋಡಿನಲ್ಲಿ ಮರುಕಳಿಸುವ 3 ಡಿಗ್ರಿ ಕಡಿತಕ್ಕೂ ಒಂದೇ ಬೆಲೆ ಕೊಡಬಾರದು. ಮರುಕಳಿಸುವ ಜಾಗದಲ್ಲಿ ಟೈಮಿಂಗ್ 2 ಡಿಗ್ರಿ ತಗ್ಗಿಸಿ, ಇಲ್ಲವೇ ಹೆಚ್ಚು ಆಕ್ಟೇನ್ ಇಂಧನ ತುಂಬಿಸಿ ಮತ್ತೆ ನೋಡಬೇಕು. ಕಡಿತ ಮಾಯವಾದರೆ ನಾಕಿಂಗ್ ಇತ್ತೆಂದೇ ಲೆಕ್ಕ. ಹಾಗೇ ಉಳಿದರೆ ಯಂತ್ರದ ಬೇರೆ ಸದ್ದನ್ನು ಹುಡುಕಬೇಕು. ಅನುಮಾನ ಬಗೆಹರಿಯುವವರೆಗೆ ಟೈಮಿಂಗ್ ತಗ್ಗಿಸಿಯೇ ಓಡಿಸುವುದು ಲೇಸು. ಕೈತಪ್ಪುವ ನಾಲ್ಕು ಕುದುರೆಶಕ್ತಿಗಿಂತ ಒಡೆದ ಪಿಸ್ಟನ್ ದುಬಾರಿ.