ಮಂಗಳನ ಅಂಗಳದಲ್ಲಿ ಮಲಗಿದವರು, ಎದ್ದವರು



ಸಿಗ್ನಲ್ ಸಿಗದೆ ಲೋಕಲ್ ರೈಲು ನಿಂತರೆ ನೀವೇನು ಮಾಡುತ್ತೀರಿ? ಹಲವರು ಒಂದು ಜೊಂಪು ತೆಗೆಯುತ್ತಾರೆ. ರೈಲು ಹೊರಟಾಗ ಎಚ್ಚರ! ಕಂಪ್ಯೂಟರಿನ ಒಳಗೂ ನಡೆಯುವುದು ಇದೇ. ಅಲ್ಲಿ ಹತ್ತಾರು ಕೆಲಸಗಳು, ಅಂದರೆ ಥ್ರೆಡ್‌ಗಳು, ಒಟ್ಟಿಗೆ ಸಾಗುತ್ತಿರುತ್ತವೆ. ಒಂದು ಬಳಸುತ್ತಿರುವುದನ್ನು ಇನ್ನೊಂದು ಮುಟ್ಟುವಂತಿಲ್ಲ, ಕಾಯಬೇಕು. 'ಆಯಿತೇ? ಆಯಿತೇ?' ಎಂದು ಕೇಳುತ್ತಲೇ ಇದ್ದರೆ ಪ್ರೊಸೆಸರ್‌ನ ಸಮಯ ದಂಡ. ಅದಕ್ಕೇ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಕಾಯುವವರನ್ನು ಮಲಗಿಸುತ್ತದೆ, ಸರದಿ ಬಂದಾಗ ಎಬ್ಬಿಸುತ್ತದೆ.

ಇದಕ್ಕೆ ಶಿಸ್ತು ತಂದವರು ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ. 1960ರ ದಶಕದಲ್ಲಿ ಅವರು ಕೊಟ್ಟ ಉಪಾಯದ ಹೆಸರು ಸೆಮಾಫೋರ್. ಹೌದು, ಹಳೇ ರೈಲ್ವೆಯ ಕೈಮರದ ಹೆಸರೇ! ಅದರಲ್ಲಿ ಎರಡೇ ಕ್ರಿಯೆ. 'ಪಿ' ಎಂದರೆ ಕೇಳು, ಸಿಗದಿದ್ದರೆ ಕಾಯು. 'ವಿ' ಎಂದರೆ ಬಿಟ್ಟುಕೊಡು, ಕಾದವರಲ್ಲಿ ಒಬ್ಬರನ್ನು ಎಬ್ಬಿಸು.

ಇಷ್ಟು ಸರಳವಾದದ್ದು ಎಡವುವುದುಂಟೇ? ಉಂಟು. 1997ರ ಜುಲೈ 4ರಂದು ನಾಸಾದ ಪಾಥ್‌ಫೈಂಡರ್ ನೌಕೆ ಮಂಗಳದ ಮೇಲೆ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತಾನಾಗಿಯೇ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಪ್ರತಿ ಸಲವೂ ಆ ದಿನದ ಉಳಿದ ಕೆಲಸ ಮರುದಿನಕ್ಕೆ! ರಿಪೇರಿಗೆ ಹೋಗೋಣವೆಂದರೆ ನೌಕೆ ಇದ್ದದ್ದು ಸುಮಾರು 19 ಕೋಟಿ ಕಿಲೋಮೀಟರ್ ದೂರದಲ್ಲಿ.

ಆದದ್ದೇನು ಗೊತ್ತೇ? ಮನೆಯ ಕಿರಿಯನ ಕೈಯಲ್ಲಿ ಬೀಗದಕೈ ಇದೆ, ಹಿರಿಯರು ಬಾಗಿಲಲ್ಲಿ ಕಾಯುತ್ತಿದ್ದಾರೆ ಅನ್ನಿ. ಅಷ್ಟರಲ್ಲಿ ನಡುವಿನವನು ಬಂದು ಕಿರಿಯನನ್ನು ತಡೆದು ನಿಲ್ಲಿಸಿದರೆ? ಹಿರಿಯರೂ ನಿಂತ ಹಾಗೆಯೇ. ಇಲ್ಲಿ ಹವಾಮಾನದ ಮಾಹಿತಿ ಕಲೆಹಾಕುವ ಕೆಲಸ ಕಿರಿಯ, ಮಾಹಿತಿ ಸಾಗಿಸುವ ಬಸ್ಸನ್ನು ನೋಡಿಕೊಳ್ಳುವ ಕೆಲಸ ಹಿರಿಯ, ಸಂಪರ್ಕದ ಕೆಲಸ ನಡುವಿನವನು. ಹಿರಿಯನ ಕೆಲಸ ಹೊತ್ತಿಗೆ ಮುಗಿಯದ್ದನ್ನು ಕಂಡ ಕಾವಲು ವ್ಯವಸ್ಥೆ ಎಲ್ಲವನ್ನೂ ರೀಸೆಟ್ ಮಾಡುತ್ತಿತ್ತು.

ಭೂಮಿಯ ಪರೀಕ್ಷೆಗಳಲ್ಲೂ ಈ ತೊಂದರೆ ಇಣುಕಿತ್ತು. ಆದರೆ ಹುಡುಕಹೊರಟಾಗ ಮತ್ತೆ ಕಾಣಿಸಲಿಲ್ಲ. ಈ ಸಲ ಎಂಜಿನಿಯರುಗಳು ಬಿಡಲಿಲ್ಲ. ಪ್ರಯೋಗಾಲಯದಲ್ಲಿದ್ದ ನೌಕೆಯ ಪ್ರತಿರೂಪದ ಮೇಲೆ ಅದೇ ರೀಸೆಟ್ ತರಿಸಿ, ಕಾರಣ ಹಿಡಿದರು.

ಮದ್ದು ಮೊದಲೇ ತಯಾರಿತ್ತು. ಹಿರಿಯರು ಕಾಯುತ್ತಿರುವಷ್ಟು ಹೊತ್ತು ಕಿರಿಯನಿಗೂ ಹಿರಿಯರದೇ ಮರ್ಯಾದೆ ಕೊಡಿ, ಅವನು ಬೇಗ ಮುಗಿಸಿ ಬೀಗದಕೈ ಬಿಡುತ್ತಾನೆ. ಲೂಯಿ ಶಾ, ರಾಗುನಾಥನ್ ರಾಜ್‌ಕುಮಾರ್ ಮತ್ತು ಜಾನ್ ಲೆಹೋಝ್‌ಕಿ 1990ರಲ್ಲೇ ಈ ವಿಧಾನವನ್ನು ವಿವರವಾಗಿ ಪ್ರಕಟಿಸಿದ್ದರು. ನೌಕೆಯ ವಿಎಕ್ಸ್‌ವರ್ಕ್ಸ್ ಸಿಸ್ಟಮ್‌ನಲ್ಲೂ ಆ ಸೌಲಭ್ಯವಿತ್ತು, ಚಾಲೂ ಮಾಡಿರಲಿಲ್ಲ ಅಷ್ಟೇ! ಭೂಮಿಯಿಂದಲೇ ತಿದ್ದುಪಡಿ ಕಳಿಸಿ ಚಾಲೂ ಮಾಡಿದರು. ಆ ರೀಸೆಟ್ ಕಾಟ ನಿಂತಿತು. ಒಂದು ತಿಂಗಳಿಗೆಂದು ಹೋದ ನೌಕೆ ಸೆಪ್ಟೆಂಬರ್ 27ರವರೆಗೂ ಮಾಹಿತಿ ಕಳಿಸಿತು.

ಮುಂದಿನ ಸಲ ಸಿಗ್ನಲ್‌ಗೆ ಕಾಯುವಾಗ ಈ ಕತೆ ನೆನಪಾಗಲಿ. ಕಾಯುವುದು ತಪ್ಪಲ್ಲ, ಎಬ್ಬಿಸುವವರು ಮಾತ್ರ ಹೊತ್ತಿಗೆ ಸರಿಯಾಗಿ ಬರಬೇಕು!